ನಾಲ್ಕು ವರ್ಷ ರ‍್ಯಾಕ್‌ನಲ್ಲಿ ದುಡಿದ ಪವರ್ ಆಂಪ್

ನನ್ನದು ಎರಡು ಚಾನೆಲ್‌ನ, 2ಯು (ಸಾಧನಗಳನ್ನು ಕೂರಿಸುವ ಚೌಕಟ್ಟಾದ ರ‍್ಯಾಕ್‌ನ ಎರಡು ಯೂನಿಟ್) ಎತ್ತರದ ಪವರ್ ಆಂಪ್, ಅಂದರೆ ಸ್ಪೀಕರ್‌ಗಳನ್ನು ನುಡಿಸುವಷ್ಟು ಸಿಗ್ನಲ್ಲನ್ನು ಹಿಗ್ಗಿಸುವ ಯಂತ್ರ. 8 ಓಮ್ (ವಿದ್ಯುತ್ ತಡೆಯ ಅಳತೆ) ಸ್ಪೀಕರ್ ಲೋಡ್‌ಗೆ ಚಾನೆಲ್‌ಗೆ 500 ವ್ಯಾಟ್, 4 ಓಮ್‌ಗೆ 800 ವ್ಯಾಟ್. ಒಳಗೆ ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಇರುವುದರಿಂದ ತೂಕ 19 ಕಿಲೋ. ಒಂದು ಸಭಾಂಗಣದಲ್ಲಿ ನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದೆ, ಆಗಾಗ ರ‍್ಯಾಕ್ ಸಮೇತ ಹೊರಗೂ ಹೋಗುತ್ತದೆ. ಎಡಕ್ಕೆ ಎರಡು, ಬಲಕ್ಕೆ ಎರಡು 8 ಓಮ್ ಸ್ಪೀಕರ್‌ಗಳು ಪ್ಯಾರಲಲ್ ಆಗಿವೆ, ಅಂದರೆ ಪ್ರತಿ ಚಾನೆಲ್‌ಗೆ 4 ಓಮ್ ಲೋಡ್. ಬೇಸ್ ಬಿಗಿಯಾಗಿದೆ, ಮಾತು ಸ್ಪಷ್ಟ. ಸರ್ಕ್ಯೂಟ್ ಇವತ್ತಿನವರೆಗೂ ಕೆಟ್ಟಿಲ್ಲ. ನನಗೆ ಬಂದ ತೊಂದರೆಗಳು ಹೆಚ್ಚುಕಮ್ಮಿ ಎಲ್ಲವೂ ಅದನ್ನು ಕೂರಿಸಿದ, ವೈರ್ ಜೋಡಿಸಿದ ರೀತಿಯಿಂದ ಬಂದವು. ಹಾಗಾಗಿ ಧ್ವನಿಗಿಂತ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲ ತಪ್ಪು ಮೊದಲ ದಿನವೇ ಆಯಿತು. ಮುಂದಿನ ಪ್ಯಾನೆಲ್‌ನ ಎರಡು ಬದಿಗೆ ಚಾಚಿರುವ ಕಿವಿಗಳಿಗೆ ನಾಲ್ಕು ಸ್ಕ್ರೂ ಹಾಕಿ ಬಿಗಿ ಮಾಡಿದೆ, ಗಟ್ಟಿಯಾಗಿ ಕೂತ ಹಾಗೆ ಕಂಡಿತು. ಆದರೆ ಆಂಪ್‌ನ ಭಾರವೆಲ್ಲ ಹಿಂದಕ್ಕೆ ಚಾಚಿಕೊಂಡಿರುತ್ತದೆ. ವ್ಯಾನಿನಲ್ಲಿ ನಾಲ್ಕಾರು ಸಲ ಓಡಾಡಿದ ಮೇಲೆ ನೋಡಿದರೆ ಹಿಂಭಾಗ ಕೆಳಗೆ ಜಗ್ಗಿ, ಬಲಗಡೆಯ ಕಿವಿ ಬಾಗಿತ್ತು. ಇಷ್ಟು ತೂಕದ ಆಂಪ್‌ಗೆ ಹಿಂದಿನ ಕಂಬಗಳಿಗೂ ಪಟ್ಟಿ ಕೊಟ್ಟು ಆಸರೆ ಮಾಡಲೇಬೇಕು. ಕೈಪಿಡಿಯಲ್ಲಿ ಈ ಮಾತು ಒಂದೇ ಸಾಲಿನಲ್ಲಿದೆ, ಪಟ್ಟಿಯಂತೂ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ. ತಯಾರಕರ ಮೇಲೆ ನನ್ನ ದೊಡ್ಡ ದೂರು ಇದೇ. ರ‍್ಯಾಕ್‌ನಲ್ಲಿ ಇದನ್ನು ಎಲ್ಲಕ್ಕಿಂತ ಕೆಳಗೆ ಕೂರಿಸಿ. ಎತ್ತುವಾಗ ಇಬ್ಬರಿರಲಿ, ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಸ್ಕ್ರೂ ಹಾಕಬಹುದು.

ಬಿಸಿಯ ಪಾಠ ಆಮೇಲೆ ಬಂತು. ಇದರ ಫ್ಯಾನ್ ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಬಿಡುತ್ತದೆ. ನಾನು ಧೂಳು ಬೀಳದಿರಲಿ ಎಂದು ರ‍್ಯಾಕ್‌ನ ಹಿಂಬಾಗಿಲು ಮುಚ್ಚಿಟ್ಟಿದ್ದೆ. ಬಿಸಿಗಾಳಿ ಒಳಗೇ ಸುತ್ತಿ ಮತ್ತೆ ಮುಂದಿನ ಜಾಲರಿಗೆ ಬಂದು, ಎರಡು ಗಂಟೆಯ ಕಾರ್ಯಕ್ರಮದ ಕೊನೆಯಲ್ಲಿ ಒಂದು ಚಾನೆಲ್ ತಾನಾಗಿ ಬಂದ್ ಆಯಿತು. ತಣ್ಣಗಾದ ಮೇಲೆ ಮತ್ತೆ ಶುರುವಾಯಿತು, ಏನೂ ಸುಟ್ಟಿರಲಿಲ್ಲ. ಅಂದಿನಿಂದ ಕಾರ್ಯಕ್ರಮ ನಡೆಯುವಾಗ ಹಿಂಬಾಗಿಲು ತೆಗೆದೇ ಇರುತ್ತದೆ, ಮುಂದಿನ ಸ್ಪಂಜನ್ನು ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕುತ್ತೇನೆ. ಆ ತೊಂದರೆ ಮತ್ತೆ ಬಂದಿಲ್ಲ.

ಸ್ಪೀಕರ್ ವೈರ್ ವಿಷಯದಲ್ಲಿ ಲೆಕ್ಕ ಹಾಕಿ ನೋಡಿದಾಗ ನನಗೇ ಬೇಸರವಾಯಿತು. ಮೊದಲು ಆಂಪ್, ಮೈಕ್‌ಗಳ ಧ್ವನಿಯನ್ನು ಬೆರೆಸುವ ಮಿಕ್ಸರ್ ಪಕ್ಕದಲ್ಲಿತ್ತು, ಅಲ್ಲಿಂದ ಸ್ಪೀಕರ್‌ಗೆ 20 ಮೀಟರ್, 1.5 ಚದರ ಮಿಲಿಮೀಟರ್ ತಾಮ್ರದ ವೈರ್. ಹೋಗಿ ಬರುವ 40 ಮೀಟರಿಗೆ ಸುಮಾರು 0.46 ಓಮ್ ರೆಸಿಸ್ಟೆನ್ಸ್ ಆಗುತ್ತದೆ. 4 ಓಮ್ ಲೋಡ್ ಎದುರು ಇಟ್ಟರೆ ಆಂಪ್ ಕೊಡುವ ಶಕ್ತಿಯಲ್ಲಿ ಶೇಕಡಾ 10ರಷ್ಟು ವೈರ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಆಂಪ್ ಅನ್ನು ವೇದಿಕೆ ಬದಿಗೆ ಸಾಗಿಸಿದೆ, ಈಗ 2.5 ಚದರ ಮಿಲಿಮೀಟರ್ ವೈರ್ 5 ಮೀಟರ್ ಸಾಕು, ನಷ್ಟ ಶೇಕಡಾ 2ಕ್ಕಿಂತ ಕಡಿಮೆ. ಮಿಕ್ಸರ್‌ನಿಂದ ಬರುವ ಉದ್ದದ ದಾರಿಯನ್ನು ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್‌ನ ಆಡಿಯೊ ಕೇಬಲ್, ಸಿಗ್ನಲ್ ಎರಡು ವೈರ್‌ಗಳಲ್ಲಿ ಹೋಗುವುದರಿಂದ ಹೊರಗಿನ ಸದ್ದು ಅಳಿಯುತ್ತದೆ) ಸುಲಭವಾಗಿ ನಿಭಾಯಿಸುತ್ತದೆ.

ಆದರೆ ಜಾಗ ಬದಲಿಸಿದ ಸಂಜೆಯೇ ಎರಡೂ ಕಡೆ ಗುಂಯ್ ಎನ್ನುವ ಶಬ್ದ ಶುರುವಾಯಿತು. ಮಿಕ್ಸರ್‌ಗೆ ಒಂದು ಕಡೆಯ ಕರೆಂಟ್, ಆಂಪ್‌ಗೆ ಇನ್ನೊಂದು ಕಡೆಯದು, ಎರಡರ ಅರ್ತ್ ನಡುವೆ ಕೇಬಲ್‌ನ ಶೀಲ್ಡ್ (ವೈರ್‌ಗಳ ಸುತ್ತಲಿನ ಲೋಹದ ಹೊದಿಕೆ) ಮೂಲಕ ಕರೆಂಟ್ ಹರಿಯುತ್ತಿತ್ತು. ಪ್ಲಗ್‌ನ ಅರ್ತ್ ಪಿನ್ ತೆಗೆದುಬಿಡಿ ಎಂದು ಒಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಳಗೆ ಒಂದು ವೈರ್ ಬಾಡಿಗೆ ತಗುಲಿದರೆ ಇಡೀ ರ‍್ಯಾಕ್‌ಗೆ ಕರೆಂಟ್ ಬರುತ್ತದೆ, ಮೈಕ್ ಹಿಡಿದವರ ಜೀವಕ್ಕೇ ಅಪಾಯ. ನಾನು ವೇದಿಕೆಯ ಬೋರ್ಡ್‌ನಿಂದಲೇ ಮಿಕ್ಸರ್‌ಗೂ ಲೈನ್ ಎಳೆಸಿದೆ. ಎಡಗಡೆ ಪೂರ್ತಿ ನಿಂತಿತು, ಬಲಗಡೆ ಸಣ್ಣಗೆ ಉಳಿಯಿತು, ಆ ಕಡೆಯ ಧ್ವನಿಯೂ ತಗ್ಗಿದ ಹಾಗಿತ್ತು. ಎಕ್ಸ್‌ಎಲ್‌ಆರ್ ಬಿಚ್ಚಿ ನೋಡಿದರೆ 3ನೇ ಪಿನ್‌ನ ಬೆಸುಗೆ ಬಿಟ್ಟಿತ್ತು. 1 ಶೀಲ್ಡ್, 2 ಪ್ಲಸ್, 3 ಮೈನಸ್. 2 ಮತ್ತು 3ರಲ್ಲಿ ಒಂದು ಬಿಟ್ಟರೂ ಬ್ಯಾಲೆನ್ಸ್ಡ್ ಲೈನ್‌ನ ಗುಣವೇ ಹೋಗುತ್ತದೆ.

ಹಿಂಬದಿಯಲ್ಲಿರುವ ಬ್ರಿಡ್ಜ್ ಮೋಡ್ (ಎರಡೂ ಚಾನೆಲ್ ಸೇರಿಸಿ ಒಂದೇ ಲೋಡ್ ನಡೆಸುವ) ಸ್ವಿಚ್ ನನಗೆ ಇಷ್ಟವಿಲ್ಲದ ಇನ್ನೊಂದು ಭಾಗ. ಅದಕ್ಕೆ ಮುಚ್ಚಳವಿಲ್ಲ, ಕೇಬಲ್ ಎಳೆಯುವಾಗ ತಗುಲಿದರೂ ಸರಿಯುತ್ತದೆ. ಒಮ್ಮೆ ಹೊರಗಿನ ಕಾರ್ಯಕ್ರಮದ ಸೌಂಡ್ ಚೆಕ್‌ನಲ್ಲಿ ಎರಡೂ ಕಡೆ ಸ್ಪೀಕರ್ ಕೇಳಿಸುತ್ತಿದೆ, ನಡುವೆ ನಿಂತರೆ ಮಾತ್ರ ಬೇಸ್ ಇಲ್ಲ. ಮುಕ್ಕಾಲು ಗಂಟೆ ಮಿಕ್ಸರ್‌ನಲ್ಲೇ ಹುಡುಕಿದೆವು. ಕೊನೆಗೆ ನೋಡಿದರೆ ಆ ಸ್ವಿಚ್ ಬ್ರಿಡ್ಜ್‌ಗೆ ಸರಿದಿತ್ತು. ಬ್ರಿಡ್ಜ್‌ನಲ್ಲಿ ಎರಡನೇ ಚಾನೆಲ್ ಮೊದಲನೆಯದರ ಸಿಗ್ನಲ್ಲನ್ನೇ ತಿರುಗುಮುರುಗಾಗಿ ಕೊಡುತ್ತದೆ, ಅದಕ್ಕೇ ಎರಡು ಕಡೆಯ ಬೇಸ್ ಒಂದನ್ನೊಂದು ಅಳಿಸುತ್ತಿತ್ತು. ಈಗ ಆ ಸ್ವಿಚ್ ಮೇಲೆ ಸಣ್ಣ ತಗಡು ಕೂರಿಸಿದ್ದೇನೆ. ನಿಜಕ್ಕೂ ಬ್ರಿಡ್ಜ್ ಮಾಡುವವರು ಈ ಆಂಪ್‌ಗೆ 8 ಓಮ್‌ಗಿಂತ ಕಡಿಮೆ ಲೋಡ್ ಕೊಡಬಾರದು, ಪ್ರತಿ ಚಾನೆಲ್‌ಗೂ ಅದರ ಅರ್ಧವೇ ಕಾಣುತ್ತದೆ.

ಸೆನ್ಸಿಟಿವಿಟಿಯನ್ನು (ಪೂರ್ತಿ ಶಕ್ತಿಗೆ ಬೇಕಾಗುವ ಇನ್‌ಪುಟ್ ವೋಲ್ಟೇಜ್) 0.775 ವೋಲ್ಟ್‌ನಿಂದ 1.4ಕ್ಕೆ ಬದಲಿಸಿದೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಸುಮಾರು 5 ಡೆಸಿಬೆಲ್ ಇಳಿದು, ಸದ್ದಿಲ್ಲದ ಹೊತ್ತಿನಲ್ಲಿ ಕೇಳುತ್ತಿದ್ದ ಹಿಸ್ ಕಡಿಮೆಯಾಯಿತು. ಆನ್ ಮಾಡುವಾಗ ಮಿಕ್ಸರ್ ಮೊದಲು ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು. ಇಲ್ಲದಿದ್ದರೆ ಡಬ್ ಎನ್ನುವ ಹೊಡೆತ ಸ್ಪೀಕರ್‌ಗೆ ಬೀಳುತ್ತದೆ.

ಮೂರನೇ ವರ್ಷ ಫ್ಯಾನ್ ಕಿರುಗುಟ್ಟತೊಡಗಿತು, ಬದಲಿಸಿದೆ. ಎಡ ಚಾನೆಲ್‌ನ ಗೇನ್ ನಾಬ್ ತಿರುಗಿಸಿದರೆ ಈಗ ಸ್ವಲ್ಪ ಕರಕರ ಅನ್ನುತ್ತದೆ, ಅದೊಂದು ಬಾಕಿ ಇದೆ. ಮುಂದಿನ ತಿಂಗಳು ಮಾನಿಟರ್ ಸ್ಪೀಕರ್‌ಗಳಿಗಾಗಿ ಇದೇ ಮಾದರಿಯ ಇನ್ನೊಂದನ್ನು ತರುತ್ತಿದ್ದೇನೆ, ಹಿಂಬದಿ ಆಸರೆಯ ಪಟ್ಟಿ ಸಮೇತ.