ಸೀಟಿಗೆ ನಾಲ್ಕೂವರೆ ಸ್ಟಾರ್, ಲೇಬಲ್ಲಿಗೆ ಎರಡೇ

ಕಾರಿನಲ್ಲಿ ಮಗುವನ್ನು ಕೂರಿಸುವ ಈ ಸೀಟಿನ ವಿಷಯ ಬೇಗ ಮುಗಿಸುತ್ತೇನೆ. ಕನ್ವರ್ಟಿಬಲ್ ಸೀಟು ಇದು. ಮಗು ಚಿಕ್ಕದಿರುವಾಗ ಹಿಂದಕ್ಕೆ ಮುಖ, ದೊಡ್ಡದಾದ ಮೇಲೆ ಮುಂದಕ್ಕೆ. ಗಟ್ಟಿಮುಟ್ಟಾಗಿದೆ, ಬಟ್ಟೆ ಬಿಚ್ಚಿ ಒಗೆಯಬಹುದು, ಬಕಲ್ ಒತ್ತುವುದು ಮಾತ್ರ ಸ್ವಲ್ಪ ಬಿಗಿ.

ನನ್ನ ತಕರಾರೆಲ್ಲ ಮಗುವಿನ ತೂಕ, ಎತ್ತರದ ಮಿತಿ ಬರೆದ ಲೇಬಲ್ ಮೇಲೆ. ಅಮೆರಿಕದಲ್ಲಿ ಮಕ್ಕಳ ಕಾರ್ ಸೀಟಿನ ಸುರಕ್ಷತೆಗೆ ಇರುವ ಎಫ್‌ಎಂವಿಎಸ್‌ಎಸ್ 213 ನಿಯಮಕ್ಕೆ ತಕ್ಕಂತೆ ಮಾಡಿದ ಸೀಟಾದ್ದರಿಂದ ಪೌಂಡ್, ಇಂಚು ದಪ್ಪ ಅಕ್ಷರದಲ್ಲಿವೆ, ಕೆಜಿ, ಸೆಂ.ಮೀ. ಬ್ರಾಕೆಟ್ಟಿನೊಳಗೆ ಇರುವೆ ಸಾಲಿನ ಹಾಗೆ. ಅದೂ ಸೀಟಿನ ಪಕ್ಕದಲ್ಲಿ, ಬಟ್ಟೆಯ ಅಂಚಿನಡಿ ಅರ್ಧ ಮುಚ್ಚಿಹೋಗಿದೆ. ಮೊಬೈಲ್ ಟಾರ್ಚ್ ಹಾಕಿಕೊಂಡು ಓದಬೇಕು.

ಇದು ಸುಮ್ನೆ ಕೊಂಕು ತೆಗೆಯುವುದಲ್ಲ. ಹಿಂದಕ್ಕೆ ಮುಖ ಮಾಡಿ ಕೂರಿಸಲು ಮಿತಿ 40 ಪೌಂಡ್. ಕೆಜಿ ಬೇಕು ಅಂದರೆ ಬಹಳ ಜನ ಏನು ಮಾಡುತ್ತಾರೆ? ಅರ್ಧ ಮಾಡಿ 20 ಅಂದುಬಿಡುತ್ತಾರೆ. ಸರಿಯಾದ ಲೆಕ್ಕ 18.1 ಕೆಜಿ. ಆ ವಯಸ್ಸಿನಲ್ಲಿ ಮಗು ಎರಡು ಕೆಜಿ ಹೆಚ್ಚಲು ಸುಮಾರು ಒಂದು ವರ್ಷ ಬೇಕು, ಅಂದರೆ ಮಿತಿ ದಾಟಿದ ಮೇಲೂ ಅಷ್ಟು ಕಾಲ ಹಾಗೇ ಕೂರಿಸಿರುತ್ತೀರಿ. ಬಾಯಿಲೆಕ್ಕವೇ ಸಾಕು ಅನ್ನುವವರು ಅರ್ಧ ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 40 ಇದ್ದದ್ದು 20, ಆಮೇಲೆ 18. ಉತ್ತರ ಕೂದಲೆಳೆಯಷ್ಟು ಕಡಿಮೆಯೇ ಬರುತ್ತದೆ, ಹೆಚ್ಚು ಬರುವುದಿಲ್ಲ.

ಎತ್ತರದ್ದು ಇನ್ನೊಂದು ತಮಾಷೆ. ಮಿತಿ 49 ಇಂಚು. ಲೇಬಲ್ಲಿನಲ್ಲಿ 124 ಸೆಂ.ಮೀ., ಕೈಪಿಡಿಯಲ್ಲಿ 125! ಗುಣಿಸಿದರೆ 124.46 ಬರುತ್ತದೆ. ಅರ್ಧ ಸೆಂಟಿಮೀಟರಿಗೆ ಆಕಾಶ ಬೀಳಲ್ಲ, ಒಪ್ಪಿದೆ, ಆದರೆ ಸುರಕ್ಷತೆಯ ಮಿತಿಯನ್ನು ಮೇಲಕ್ಕೆ ಹೊಂದಿಸುವುದು ಯಾವ ನ್ಯಾಯ? ಎರಡು ಬೇರೆ ಸಂಖ್ಯೆ ಕಂಡರೆ ಚಿಕ್ಕದನ್ನೇ ಹಿಡಿಯಿರಿ. ಮತ್ತೆ, ತೂಕ, ಎತ್ತರ ಎರಡರಲ್ಲಿ ಯಾವುದು ಮೊದಲು ಮುಟ್ಟಿತೋ ಅಲ್ಲಿಗೆ ಮುಗಿಯಿತು. ಹಿಂದಕ್ಕೆ ಮುಖವಿದ್ದಾಗ ಮಗುವಿನ ತಲೆ ಸೀಟಿನ ಮೇಲಂಚಿಗಿಂತ ಒಂದು ಇಂಚು, ಅಂದರೆ ಎರಡೂವರೆ ಸೆಂ.ಮೀ. ಕೆಳಗಿರಬೇಕು ಎಂದೂ ಕೈಪಿಡಿ ಹೇಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಗೊಂದಲ, ಸೀಟನ್ನು ಕಾರಿಗೆ ಬಿಗಿಯುವ ಲ್ಯಾಚ್ ಕೊಕ್ಕೆಯದು. ಕೆಳಗಿನ ಕೊಕ್ಕೆಗಳಿಗೆ ಸೀಟು, ಮಗು ಎರಡೂ ಸೇರಿ 65 ಪೌಂಡ್, ಅಂದರೆ 29.5 ಕೆಜಿ ಲೆಕ್ಕ. ಈ ಸೀಟೇ 25 ಪೌಂಡ್ ತೂಗುತ್ತದೆ. ಉಳಿದದ್ದು 40. ಮಗು ಅದಕ್ಕಿಂತ ಭಾರವಾದರೆ ಕೊಕ್ಕೆ ಬಿಟ್ಟು ಕಾರಿನ ಬೆಲ್ಟ್ ಬಳಸಬೇಕು. ಯುರೋಪಿನ ಆರ್129 ನಿಯಮದಂತೆ ಮಾಡುವ ಐ-ಸೈಜ್ ಸೀಟಿಗೆ ಇದೇ ಲೆಕ್ಕ 33 ಕೆಜಿ. ಇಲ್ಲಿ ಅಳತೆ ಮಾತ್ರವಲ್ಲ, ನಿಯಮವೇ ಬೇರೆ. ಅಲ್ಲಿನ ಅಂಕಿ ತಂದು ಇಲ್ಲಿಗೆ ಹಾಕಬೇಡಿ.

ನನ್ನನ್ನು ಕೇಳಿದರೆ 2013ರಲ್ಲಿ ಜಾರಿಗೆ ಬಂದ ಆ ಆರ್129 ನಿಯಮದ ದಾರಿಯೇ ಚೆಂದ. ಎತ್ತರ ಮೊದಲು, ಅದೂ ಸೆಂಟಿಮೀಟರಿನಲ್ಲಿ. ಮಗುವನ್ನು ಗೋಡೆಗೆ ನಿಲ್ಲಿಸಿ ಟೇಪ್ ಹಿಡಿದರೆ ಆಯ್ತು, ಅಲ್ವಾ?

ಕಂಪನಿಗೆ ಬರೆದಿದ್ದೆ. ಕೈಪಿಡಿಯ ಪುಟ ಸಂಖ್ಯೆ ಕಳಿಸಿದರು, ಅಷ್ಟೆ. ಸೀಟು ತಗೊಳ್ಳಿ, ಧಾರಾಳವಾಗಿ ತಗೊಳ್ಳಿ. ಬಟ್ಟೆ ಎತ್ತಿ ಲೇಬಲ್ಲಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಕಾರಿಗೆ ಕಟ್ಟಿದ ಮೇಲೆ ಆ ಕಡೆ ಕೈ ಹೋಗುವುದಿಲ್ಲ.