ಡೇಟಾ ಸೆಂಟರ್‌ಗೆ ಮೊದಲು ಬಿಎಂಎಸ್ಸಾ, ಡಿಸಿಐಎಂಆ?

ಬಿಎಂಎಸ್ (ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ), ಡಿಸಿಐಎಂ (ಡೇಟಾ ಸೆಂಟರ್ ಇನ್‌ಫ್ರಾಸ್ಟ್ರಕ್ಚರ್ ಮ್ಯಾನೇಜ್‌ಮೆಂಟ್) ಎರಡೂ ಸ್ಕ್ರೀನ್ ಮೇಲೆ ಟೆಂಪರೇಚರ್ ತೋರಿಸುತ್ತವೆ. ಅದಕ್ಕೇ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಕೆಲಸ ಬೇರೆ.

ಬಿಎಂಎಸ್ ಕಟ್ಟಡದ ಕಡೆಯದು. ಚಿಲ್ಲರ್ (ಕೂಲಿಂಗ್‌ಗೆ ನೀರು ತಣ್ಣಗೆ ಮಾಡುವ ಯಂತ್ರ), ಪಂಪ್, ಎಸಿ, ನೀರು ಸೋರಿದರೆ ಹೇಳುವ ಸೆನ್ಸರ್ ಎಲ್ಲ ಇದಕ್ಕೆ ಸೇರುತ್ತವೆ. ಬರೀ ನೋಡುವುದಿಲ್ಲ, ನಡೆಸುತ್ತದೆ ಕೂಡ. ರಾತ್ರಿ 2 ಗಂಟೆಗೆ ಒಂದು ಪಂಪ್ ಟ್ರಿಪ್ ಆಯಿತು ಅಂದುಕೊಳ್ಳಿ. ಸ್ಟ್ಯಾಂಡ್‌ಬೈ ಪಂಪ್ ಸ್ಟಾರ್ಟ್ ಮಾಡಿ, ಅಲಾರಂ ಕೊಡುವುದು ಇದೇ.

ಡಿಸಿಐಎಂ ರ‍್ಯಾಕ್ ಕಡೆಯದು. ರ‍್ಯಾಕ್ ಅಂದರೆ ಸರ್ವರ್ ಜೋಡಿಸುವ ಕಪಾಟು. ಯಾವ ಸರ್ವರ್ ಎಲ್ಲಿದೆ, ಯಾವ ರ‍್ಯಾಕ್‌ನಲ್ಲಿ ಎಷ್ಟು ಕಿಲೋವ್ಯಾಟ್ ಉಳಿದಿದೆ ಅಂತ ಲೆಕ್ಕ ಇಡುತ್ತದೆ. ಸಾಮಾನ್ಯವಾಗಿ ಚಿಲ್ಲರ್ ಮುಟ್ಟುವುದಿಲ್ಲ.

ಕಟ್ಟಡ ನಿಮ್ಮದೇ ಆದರೆ ಮೊದಲು ಬಿಎಂಎಸ್ ತಗೊಳ್ಳಿ. ಲೋಡ್ ಜಾಸ್ತಿ ಇರುವ ರೂಮಿನಲ್ಲಿ ಕೂಲಿಂಗ್ ನಿಂತರೆ ಕೆಲವೇ ನಿಮಿಷಗಳಲ್ಲಿ ಬಿಸಿ ಏರುತ್ತದೆ. ಹತ್ತಿಪ್ಪತ್ತು ರ‍್ಯಾಕ್‌ಗಳ ಲೆಕ್ಕಕ್ಕೆ ಸದ್ಯಕ್ಕೆ ಎಕ್ಸೆಲ್ ಸಾಕು. ಬೇರೆಯವರ ಕಟ್ಟಡದಲ್ಲಿ ಬಾಡಿಗೆಗೆ ಇದ್ದೀರಾ? ಹಾಗಾದರೆ ಬಿಎಂಎಸ್ ಅವರ ಜವಾಬ್ದಾರಿ, ನಿಮಗೆ ಡಿಸಿಐಎಂ ಸಾಕು.

ಬಿಎಂಎಸ್ ಕೊಳ್ಳುವಾಗ ಬ್ಯಾಕ್‌ನೆಟ್, ಮಾಡ್‌ಬಸ್ ಎರಡೂ ಇದೆಯಾ ಕೇಳಿ. ಇವು ಯಂತ್ರಗಳು ತಮ್ಮಲ್ಲಿ ಮಾತಾಡುವ ಭಾಷೆಗಳು (ಪ್ರೊಟೊಕಾಲ್). ಬ್ಯಾಕ್‌ನೆಟ್ 1995ರಿಂದ ಆಶ್ರೇ (ಎಸಿ, ಕೂಲಿಂಗ್ ಎಂಜಿನಿಯರ್‌ಗಳ ಅಮೆರಿಕನ್ ಸಂಸ್ಥೆ) ಸ್ಟ್ಯಾಂಡರ್ಡ್, ಎಸಿ ಕಡೆ ಅದೇ ಹೆಚ್ಚು. ಜನರೇಟರ್, ಎನರ್ಜಿ ಮೀಟರ್‌ಗಳು ಬಹಳ ಸಲ ಮಾಡ್‌ಬಸ್‌ನಲ್ಲೇ ಮಾತಾಡುತ್ತವೆ.

ಇನ್ನೊಂದು ಮಾತು. ಸೆನ್ಸರ್ ಎಲ್ಲಿ ಹಾಕುತ್ತಾರೆ ಅಂತ ಖುದ್ದು ನಿಂತು ನೋಡಿ. ಆಶ್ರೇ ಹೇಳುವ 18ರಿಂದ 27 ಡಿಗ್ರಿ ಸರ್ವರ್ ಒಳಗೆ ಹೋಗುವ ಗಾಳಿಗೆ. ರ‍್ಯಾಕ್ ಮುಂಭಾಗದಲ್ಲಿ, ಮೇಲ್ತುದಿಯಲ್ಲೂ ಒಂದು ಸೆನ್ಸರ್ ಇರಲಿ. ಬಿಸಿ ಗಾಳಿ ಸುತ್ತಿ ಬರುವುದು ಮೊದಲು ಅಲ್ಲೇ.