ಸಿಗ್ನಲ್‌ನಲ್ಲಿ ಆಫ್ ಆಗುವ ಕಾರಿಗೆ ಇಎಲ್‌ಎಂ327 ಅಡಾಪ್ಟರ್: ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ

ಓಡುವಾಗ ಗಾಡಿ ಚೆನ್ನಾಗಿಯೇ ಇರುತ್ತದೆ. ಸಿಗ್ನಲ್‌ಗೆ ಬಂದು ಕ್ಲಚ್ ತುಳಿದರೆ ಆರ್‌ಪಿಎಂ ಮುಳ್ಳು 800ರಿಂದ 500ಕ್ಕೆ ಜಾರುತ್ತದೆ, ಸ್ಟೀರಿಂಗ್ ಒಮ್ಮೆ ನಡುಗುತ್ತದೆ, ಎಂಜಿನ್ ಆಫ್. ಇದಕ್ಕೆ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಎಂದು ಒಂದೊಂದನ್ನೇ ಬದಲಿಸುತ್ತ ಹೋದರೆ ಹತ್ತು ಸಾವಿರ ಖರ್ಚಾದರೂ ಕಾಯಿಲೆ ಅಲ್ಲೇ ಇರುತ್ತದೆ. ಐನೂರರಿಂದ ಸಾವಿರದ ಐನೂರು ರೂಪಾಯಿಗೆ ಸಿಗುವ, ಕಾರಿನ ದೋಷ ಪರೀಕ್ಷೆಯ (ಒಬಿಡಿ) ಸಾಕೆಟ್‌ಗೆ ಸಿಕ್ಕಿಸಿದರೆ ಎಂಜಿನ್ ಕಂಪ್ಯೂಟರ್‌ನ (ಇಸಿಯು) ಅಂಕಿಗಳನ್ನು ಫೋನ್‌ಗೆ ಕಳಿಸುವ ಇಎಲ್‌ಎಂ327 ಬ್ಲೂಟೂತ್ ಅಡಾಪ್ಟರ್ ಈ ಅಂದಾಜಿನ ರಿಪೇರಿಯನ್ನು ತಪ್ಪಿಸುತ್ತದೆ. ಆದರೆ ಕೊಂಡವರಲ್ಲಿ ಹೆಚ್ಚಿನವರು ದೋಷದ ಕೋಡ್ ಓದಿ ಅಳಿಸುವುದಕ್ಕಷ್ಟೇ ಬಳಸುತ್ತಾರೆ. ಐಡಲ್ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ತಿರುಗುವ) ದೋಷದಲ್ಲಿ ಎಷ್ಟೋ ಸಲ ಕೋಡೇ ಬೀಳುವುದಿಲ್ಲ. ಇದರ ಬೆಲೆ ಇರುವುದು ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದಲ್ಲೇ ಸೆನ್ಸರ್‌ಗಳು ಕೊಡುವ ಅಂಕಿಗಳಲ್ಲಿ.

ಕೊಳ್ಳುವಾಗ ಆವೃತ್ತಿ ಸಂಖ್ಯೆ ನೋಡಿ ಮೋಸಹೋಗಬೇಡಿ. ಅಗ್ಗದವೆಲ್ಲ ಕೆನಡಾದ ಮೂಲ ಚಿಪ್‌ನ ನಕಲುಗಳು. ಮೂಲ ತಯಾರಕರು 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ, ಆದರೂ 1.5 ಎಂದು ಬರೆದುಕೊಂಡ, ಒಳಗೆ ಪಿಐಸಿ18ಎಫ್25ಕೆ80 ಚಿಪ್ ಇರುವ ನಕಲೇ ಹೆಚ್ಚು ಕಾರುಗಳ ಜೊತೆ ಮಾತಾಡುತ್ತದೆ. 2.1 ಎಂದು ಬರೆದಿರುವ ಪುಟಾಣಿ ನೀಲಿ ಡಬ್ಬಿಗಳಲ್ಲಿ ಅನೇಕವು ಕೆಲವು ಆಜ್ಞೆಗಳನ್ನೇ ಬಿಟ್ಟಿರುತ್ತವೆ, ಕೆ-ಲೈನ್ ಎಂಬ ಹಳೆಯ ಸಂಪರ್ಕ ಪದ್ಧತಿಯ ಕಾರುಗಳಿಗೆ ಕನೆಕ್ಟ್ ಆಗುವುದಿಲ್ಲ. ಐಫೋನ್ ಇದ್ದವರು ವೈಫೈ ಅಥವಾ ಬಿಎಲ್‌ಇ (ಕಡಿಮೆ ಶಕ್ತಿಯ ಬ್ಲೂಟೂತ್) ಮಾದರಿಯನ್ನೇ ಕೇಳಿ ಪಡೆಯಬೇಕು. ಆ್ಯಪ್ ಟಾರ್ಕ್ ಆದರೂ ಸರಿ, ಕಾರ್ ಸ್ಕ್ಯಾನರ್ ಆದರೂ ಸರಿ.

ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಮ್ಯಾಪ್ ಸೆನ್ಸರ್ (ಎಂಜಿನ್‌ನ ಗಾಳಿಕೊಳವೆಯ ಒತ್ತಡ ಅಳೆಯುವುದು) ಇರುವ ಕಾರಾದರೆ ಅದರ ಒತ್ತಡ ನೋಡಿ. ಅದು ನಿಮ್ಮೂರಿನ ಗಾಳಿಯ ಒತ್ತಡವೇ ಆಗಿರಬೇಕು: ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ ನಿಂತ ಕಾರು 101 ತೋರಿಸಿದರೆ ಸೆನ್ಸರ್ ಮೇಲೆ ಅನುಮಾನ ಪಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್ ತಾಪ ಹೊರಗಿನ ಗಾಳಿಯಷ್ಟೇ ಇರಬೇಕು. ಮೈನಸ್ 40 ತೋರಿಸಿದರೆ ಆ ಸೆನ್ಸರ್‌ನ ವೈರೋ ಕನೆಕ್ಟರೋ ಕಡಿದಿದೆ.

ಆಮೇಲೆ ಎಂಜಿನ್ ಪೂರ್ತಿ ಬಿಸಿಯಾಗಲಿ. ಎಸಿ ಆಫ್ ಮಾಡಿ, ಶಾರ್ಟ್ ಮತ್ತು ಲಾಂಗ್ ಫ್ಯುಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ತಾತ್ಕಾಲಿಕ ಮತ್ತು ಕಲಿತಿಟ್ಟ ಅಂಕಿಗಳು) ಎರಡನ್ನೂ ಕೂಡಿಸಿ ನೋಡಿ. 10ರೊಳಗೆ, ಪ್ಲಸ್ ಆಗಲಿ ಮೈನಸ್ ಆಗಲಿ, ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 20 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 3-4ಕ್ಕೆ ಇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಐಡಲ್‌ನಲ್ಲಿ ಒಳಹೋಗುವ ಗಾಳಿಯೇ ಕಡಿಮೆ, ಹಾಗಾಗಿ ಸಣ್ಣ ತೂತಿನ ಪಾಲೂ ದೊಡ್ಡದಾಗುತ್ತದೆ. ಈ ಲೆಕ್ಕ ಗಾಳಿಯನ್ನು ಅಳೆಯುವ ಮಾಫ್ ಸೆನ್ಸರ್ ಕಾರುಗಳಿಗೆ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟು ಮ್ಯಾಪ್ ಸೆನ್ಸರ್‌ನವು. ಅಲ್ಲಿ ಸೋರಿಬಂದ ಗಾಳಿಯೂ ಲೆಕ್ಕಕ್ಕೆ ಸಿಕ್ಕಿಬಿಡುವುದರಿಂದ ಟ್ರಿಮ್ ಅಷ್ಟು ಏರುವುದಿಲ್ಲ, ಐಡಲ್ ಏರುತ್ತದೆ. ಯೂಟ್ಯೂಬ್ ನೋಡಿ ಕಲಿತವರು ಎಡವುವುದು ಇಲ್ಲಿಯೇ. ಟ್ರಿಮ್ ಐಡಲ್‌ನಲ್ಲಿ ಮೈನಸ್ 15, 20ಕ್ಕೆ ಇಳಿದಿದ್ದರೆ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು. ಅದರ ಹೋಸನ್ನು ಮೆಲ್ಲಗೆ ಹಿಸುಕಿ ಹಿಡಿಯಿರಿ. ಐಡಲ್ ನೆಟ್ಟಗಾದರೆ ದೋಷ ಸಿಕ್ಕಿತು. ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ತಕರಾರು ಮಾಡುವ ಕಾರುಗಳಲ್ಲೂ ಇದನ್ನೇ ಮೊದಲು ನೋಡಿ.

ಟ್ರಿಮ್ ಸರಿಯಿದೆ, ಆದರೂ ಆರ್‌ಪಿಎಂ 600ರ ಕೆಳಗೆ ಒದ್ದಾಡುತ್ತಿದೆ, ಎಸಿ ಹಾಕಿದ ಕ್ಷಣ ಆಫ್ ಆಗುತ್ತದೆ, ಆಕ್ಸಿಲರೇಟರ್ ಚೂರು ಒತ್ತಿದರೆ ಬದುಕಿಕೊಳ್ಳುತ್ತದೆ ಎಂದಾದರೆ ಎಂಜಿನ್‌ಗೆ ಹೋಗುವ ಗಾಳಿಯನ್ನು ಪ್ಲೇಟಿನಿಂದ ತಡೆದು ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ನೋಡಿ. ಪ್ಲೇಟಿನ ಅಂಚು ಕೂರುವ ಜಾಗದಲ್ಲಿ ಬಳೆಯಷ್ಟು ಅಗಲಕ್ಕೆ ಅಂಟು ಮಸಿ ಕಾಣುತ್ತದೆ. ಐಡಲ್ ಗಾಳಿ ನುಸುಳಬೇಕಾದ ಕೂದಲೆಳೆಯ ಸಂದನ್ನು ಮುಚ್ಚಿರುವುದು ಅದೇ. ಬಿಚ್ಚುವ ಮೊದಲು ಬಿಸಿ ಐಡಲ್‌ನಲ್ಲಿ ಥ್ರಾಟಲ್ ಎಷ್ಟು ಪರ್ಸೆಂಟ್ ಇದೆ ಎಂದು ಬರೆದಿಟ್ಟುಕೊಳ್ಳಿ. ಪ್ಲೇಟ್ ಮುಚ್ಚಿದ್ದರೂ ಹೆಚ್ಚಿನ ಕಾರುಗಳು 10-15 ತೋರಿಸುತ್ತವೆ, ಆದ್ದರಿಂದ ಹೋಲಿಸಬೇಕಾದ್ದು ಮುಂಚಿನ ಅಂಕಿಯನ್ನು ಆಮೇಲಿನದರ ಜೊತೆ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಬ್ಯಾಟರಿಯ ನೆಗೆಟಿವ್ ತೆಗೆದೇ ಕೈಹಾಕಿ. ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಪ್ಲೇಟಿನ ಎರಡೂ ಬದಿ ಒರೆಸಿ. ನೇರವಾಗಿ ಸುರಿದರೆ ಸ್ಪಿಂಡಲ್ ದಾಟಿ ಮೋಟರಿಗೆ ಇಳಿಯುತ್ತದೆ. ಇದೇ ಸ್ಪ್ರೇಯನ್ನು ಮಾಫ್ ಸೆನ್ಸರ್‌ಗೆ ಬಳಸಬಾರದು. ತೊಳೆದ ಮೇಲೆ ಐಡಲ್ ಕೆಲಹೊತ್ತು 1200ರವರೆಗೆ ಏರಬಹುದು. ಇಸಿಯು ಹೊಸದಾಗಿ ಕಲಿಯಬೇಕು, ಅದರ ಕ್ರಮ ಒಂದೊಂದು ಕಂಪನಿಗೂ ಬೇರೆ. ಕೇಬಲ್ ಥ್ರಾಟಲ್ ಕಾರಿನಲ್ಲಿ ಐಡಲ್ ಗಾಳಿ ಐಎಸಿ ವಾಲ್ವ್ ಮೂಲಕ ಹೋಗುವುದರಿಂದ ಥ್ರಾಟಲ್ ಅಂಕಿ ಏನೂ ಹೇಳುವುದಿಲ್ಲ. ಆ ವಾಲ್ವನ್ನೇ ಬಿಚ್ಚಿ ಒರೆಸಬೇಕು.

ಆಫ್ ಆಗುವ ರೀತಿಯನ್ನೂ ಗ್ರಾಫ್‌ನಲ್ಲಿ ಹಿಡಿಯಿರಿ. ಗಾಳಿ, ಪೆಟ್ರೋಲ್ ಕೊರತೆಯಾದರೆ ಆರ್‌ಪಿಎಂ ಇಳಿಜಾರಿನಂತೆ ಬರುತ್ತದೆ. ಬಿಸಿಯಾದಾಗ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಕೈಕೊಟ್ಟರೆ ಗೆರೆ ಕತ್ತರಿಸಿದಂತೆ ನೇರ ಸೊನ್ನೆಗೆ ಬೀಳುತ್ತದೆ. ಈ ನಕಲು ಅಡಾಪ್ಟರ್‌ಗಳು ನಿಧಾನ. ಹತ್ತು ಅಂಕಿ ಒಟ್ಟಿಗೆ ಕೇಳಿದರೆ ಆ ಕ್ಷಣವೇ ತಪ್ಪಿಹೋಗುತ್ತದೆ. ಆರ್‌ಪಿಎಂ ಜೊತೆ ಇನ್ನೊಂದನ್ನು ಮಾತ್ರ ಇಟ್ಟುಕೊಳ್ಳಿ.

ಎಂಪಿಎಫ್ಐ ಕಾರಿನ ಪೆಟ್ರೋಲ್ ಒತ್ತಡವನ್ನು ಇದು ಹೇಳಲಾರದು, ಅದಕ್ಕೆ ಗೇಜ್ ಬೇಕು. ವೇಗ ಏರಿದಷ್ಟೂ ಟ್ರಿಮ್ ಪ್ಲಸ್ ಕಡೆಗೇ ಏರುತ್ತಿದ್ದರೆ ಆ ಗೇಜ್ ಹಾಕಿಸುವುದು ಸರಿ. ಡೀಸೆಲ್ ಕಾರಿಗೆ ಮೇಲಿನ ಟ್ರಿಮ್ ಲೆಕ್ಕ ಅನ್ವಯಿಸುವುದಿಲ್ಲ.

ಇಷ್ಟು ಬೆಲೆಗೆ ಇಷ್ಟು ತೋರಿಸುವ ಬೇರೆ ಉಪಕರಣ ಇಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಗೆ ಬಿಡಿಭಾಗ ತರಲು ಹೊರಡುವ ಮುನ್ನ ಇದನ್ನು ಕೊಳ್ಳಿ. ಕೆಲಸ ಮುಗಿದ ಮೇಲೆ ಸಾಕೆಟ್‌ನಿಂದ ಕಿತ್ತಿಡಿ. ಕೀ ತೆಗೆದರೂ ಅದಕ್ಕೆ ಕರೆಂಟ್ ಹರಿಯುತ್ತಲೇ ಇರುತ್ತದೆ, ವಾರಗಟ್ಟಲೆ ನಿಲ್ಲುವ ಗಾಡಿಯ ಬ್ಯಾಟರಿ ಇಳಿದುಹೋಗುತ್ತದೆ.